ಗುಂಡಿಗೆಗೆ ಗುಂಡು ಬಿದ್ದ ಮೇಲೂ ಕಡವೆ ಓಡುವುದು ಹೇಗೆ?



ನೀವು ಆಡುವ ಶೂಟಿಂಗ್ ಗೇಮ್‌ಗಳಲ್ಲಿ ಎದುರಾಳಿಯ ತಲೆಯ ಮೇಲೆ ಒಂದು ಹಸಿರು ಪಟ್ಟಿ ಇರುತ್ತದಲ್ಲ, ಗುಂಡು ಬಿದ್ದಷ್ಟೂ ಅದು ಕರಗುತ್ತದೆ, ಕೆಂಪಾಗುತ್ತದೆ, ಸೊನ್ನೆಗೆ ಬಂದ ಕೂಡಲೇ ಅವನು ದೊಪ್ಪನೆ ಬೀಳುತ್ತಾನೆ. ಸಿನಿಮಾದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ, ಗುಂಡು ತಗುಲಿದವನು ಹಿಂದಕ್ಕೆ ಹಾರಿ ಗಾಜು ಒಡೆದುಕೊಂಡು ಹೋಗುತ್ತಾನೆ. ಇದೇ ಚಿತ್ರವನ್ನು ತಲೆಯಲ್ಲಿಟ್ಟುಕೊಂಡು ನಿಮ್ಮಲ್ಲಿ ಕೆಲವರು ಜುಲೈ ರಜೆಗೆ ಊರಿಗೆ ಹೋಗುತ್ತೀರಿ. ಊರು ಸುಳ್ಯವೋ, ಸಕಲೇಶಪುರವೋ, ತೀರ್ಥಹಳ್ಳಿಯೋ ಆಗಿದ್ದರೆ, ರಾತ್ರಿ ಊಟ ಮುಗಿದ ಮೇಲೆ ಚಿಕ್ಕಪ್ಪನ ಮಗ ಮೆಲ್ಲಗೆ ಕೇಳಬಹುದು: "ಈಡಿಗೆ ಹೋಗೋಣ್ವಾ?" ಈಡು ಎಂದರೆ ಕೋವಿಯ ಒಂದು ಗುಂಡೇಟು. ಆ ಪ್ರಶ್ನೆಗೆ ಹೂಂ ಅನ್ನುವ ಮೊದಲು ಗೊತ್ತಿರಬೇಕಾದದ್ದನ್ನೇ ಇವತ್ತು ಮಾತಾಡುತ್ತೇನೆ.

ಮಲೆನಾಡಿನಲ್ಲೂ ದಕ್ಷಿಣ ಕನ್ನಡದಲ್ಲೂ ಹಳೆಯ ಬೇಟೆಗಾರರ ಬಾಯಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. "ಎದೆಗೇ ಹೊಡೆದೆ ಮಾರಾಯ, ಕಣ್ಣಾರೆ ಕಂಡೆ, ಆದರೂ ಹೋಯ್ತು." ಕೇಳಿದವರು ಮೂರು ಕಾರಣ ಹೇಳುತ್ತಾರೆ: ಅದು ದೈವದ ಪ್ರಾಣಿ, ಇಲ್ಲವೇ ತೋಟಾ ಹಳತಾಗಿತ್ತು, ಇಲ್ಲವೇ ಇವನು ಸುಳ್ಳು ಹೇಳುತ್ತಿದ್ದಾನೆ. ಮೂರನೆಯದನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ಎಷ್ಟೋ ಸಲ ಆತ ಹೇಳಿದ್ದು ನಿಜವೇ. ಗುಂಡು ಸರಿಯಾದ ಜಾಗಕ್ಕೇ ಬಿದ್ದಿತ್ತು. ಪ್ರಾಣಿ ಹೋದದ್ದೂ ನಿಜ.

ಅಮೆರಿಕ, ಕೆನಡಾಗಳಲ್ಲಿ ಇದೇ ಪ್ರಶ್ನೆಯನ್ನು ಎಲ್ಕ್ ಎಂಬ ದೊಡ್ಡ ಜಿಂಕೆಯ ಬಗ್ಗೆ ಕೇಳುತ್ತಾರೆ. ನಮ್ಮ ಕಾಡಿನಲ್ಲಿ ಅದರ ಜಾಗದಲ್ಲಿರುವುದು ಕಡವೆ. ಸಿಲೋನಿನಲ್ಲಿದ್ದ ಬ್ರಿಟಿಷ್ ಬೇಟೆಗಾರರು ಕಡವೆಯನ್ನು ಎಲ್ಕ್ ಎಂದೇ ಕರೆಯುತ್ತಿದ್ದರು. 1854ರಲ್ಲಿ ಬಂದ ಸ್ಯಾಮ್ಯುಯೆಲ್ ಬೇಕರ್‌ನ ಸಿಲೋನ್ ಬೇಟೆಯ ಪುಸ್ತಕದಲ್ಲಿ ಎಲ್ಕ್ ಎಂದಿರುವಲ್ಲೆಲ್ಲ ನೀವು ಕಡವೆ ಎಂದು ಓದಿಕೊಳ್ಳಬೇಕು. ಹಾಗಾಗಿ ಹೆಸರಿನ ಲೆಕ್ಕದಲ್ಲೂ ನಾವು ದೂರ ಹೋಗಿಲ್ಲ.

ಮೊದಲು ಸಿನಿಮಾದ ಸುಳ್ಳನ್ನು ಬಿಡಿಸೋಣ. 10 ಗ್ರಾಂ ತೂಕದ ಗುಂಡು ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ಬಂದು 200 ಕಿಲೋ ತೂಗುವ ಗಂಡು ಕಡವೆಯ ಒಳಗೆ ನಿಂತಿತು ಎಂದಿಟ್ಟುಕೊಳ್ಳಿ. ನಿಮ್ಮ ಫಿಸಿಕ್ಸ್ ಪುಸ್ತಕದ ಮೊಮೆಂಟಮ್ ಲೆಕ್ಕ ಹಾಕಿ. ಕಡವೆಗೆ ಸಿಗುವ ವೇಗ ಸೆಕೆಂಡಿಗೆ 4 ಸೆಂಟಿಮೀಟರ್. ನೈಫ್ ಸೂಕ್‌ನ ಜನಜಂಗುಳಿಯಲ್ಲಿ ನಿಮ್ಮ ಭುಜಕ್ಕೆ ಭುಜ ತಾಗಿಸಿ ಹೋಗುವವನು ಇದಕ್ಕಿಂತ ಜೋರಾಗಿ ತಳ್ಳುತ್ತಾನೆ. ಗುಂಡು ಯಾರನ್ನೂ ಕೆಡವುವುದಿಲ್ಲ. ಅದು ಮಾಡುವುದು ತೂತು.

ಹಾಗಾದರೆ ಸಾವು ಬರುವುದು ಎಲ್ಲಿಂದ? ಮೆದುಳು, ಇಲ್ಲವೇ ಕುತ್ತಿಗೆಯ ಬೆನ್ನುಹುರಿ ಕಡಿದುಹೋದರೆ ಆ ಕ್ಷಣದಲ್ಲೇ ಎಲ್ಲ ನಿಲ್ಲುತ್ತದೆ. ಇಲ್ಲಿನ ಅರಬರ ಫಾಲ್ಕನ್‌ಗೆ ಇದು ಹುಟ್ಟಿನಿಂದಲೇ ಗೊತ್ತು. ಅದರ ಮೇಲ್ಕೊಕ್ಕಿನ ಅಂಚಿನಲ್ಲಿ ಹಲ್ಲಿನಂಥ ಒಂದು ಮೊನೆ ಇದೆ. ಅಬುಧಾಬಿಯ ಬೇಟೆ ಮತ್ತು ಕುದುರೆ ಪ್ರದರ್ಶನಕ್ಕೆ ಹೋದರೆ ಹತ್ತಿರದಿಂದ ನೋಡಿ. ಹಿಡಿದ ಹಕ್ಕಿಯ ಕುತ್ತಿಗೆಯ ಮೂಳೆಯನ್ನು ಅದು ಆ ಮೊನೆಯಿಂದ ಮುರಿಯುತ್ತದೆ. ಮನುಷ್ಯ ಕೋವಿ ಹಿಡಿದಾಗ ಮೆದುಳಿಗೆ ಗುರಿ ಇಡುವುದು ಕಷ್ಟ. ಗುರಿ ತೀರ ಚಿಕ್ಕದು, ತಲೆ ಸದಾ ಅಲುಗಾಡುತ್ತದೆ, ಸ್ವಲ್ಪ ತಪ್ಪಿದರೆ ದವಡೆ ಹಾರಿಹೋಗಿ ಪ್ರಾಣಿ ಹಸಿವಿನಿಂದ ಸಾಯುತ್ತದೆ. ಅದಕ್ಕೇ ಬೇಟೆಗಾರರು ಮುಂಗಾಲಿನ ಹಿಂದೆ, ಎದೆಗೆ ಹೊಡೆಯುತ್ತಾರೆ. ಅಲ್ಲಿರುವುದು ಗುಂಡಿಗೆ ಮತ್ತು ಶ್ವಾಸಕೋಶ. ಅಲ್ಲಿ ಗುಂಡು ಬಿದ್ದರೆ ಸಾವು ಬರುವುದು ರಕ್ತ ಸೋರಿ, ಮೆದುಳಿಗೆ ಆಮ್ಲಜನಕ ತಪ್ಪಿ. ಅಂದರೆ ಸಾವಿಗೆ ಸಮಯ ಬೇಕು.

ಎಷ್ಟು ಸಮಯ? ಗುಂಡಿಗೆಯೇ ಛಿದ್ರವಾಗಿ ರಕ್ತದ ಓಟ ಪೂರ್ತಿ ನಿಂತರೂ ಮೆದುಳಿನಲ್ಲಿ ಉಳಿದಿರುವ ಆಮ್ಲಜನಕ ಸುಮಾರು 10 ಸೆಕೆಂಡು ಎಚ್ಚರ ಕೊಡುತ್ತದೆ. ಕಾಲಿನ ಸ್ನಾಯುಗಳಿಗೆ ಆ ಹೊತ್ತಿನಲ್ಲಿ ಹೊಸ ರಕ್ತವೇ ಬೇಕಿಲ್ಲ, ಅವುಗಳಲ್ಲಿ ಕೂಡಿಟ್ಟ ಇಂಧನ ಸಾಕು. ಈ 10 ಸೆಕೆಂಡನ್ನು ಅಳೆಯಲು ಕರಾವಳಿಯವರಿಗೆ ಒಂದು ಅಳತೆಗೋಲು ಕೊಡುತ್ತೇನೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಅಂದರೆ ಕೆಸರಿನಲ್ಲಿ, ಕೋಣಗಳ ಹಿಂದೆ, ಒಬ್ಬ ಮನುಷ್ಯ 10 ಸೆಕೆಂಡಿಗೆ 100 ಮೀಟರ್ ದಾಟಿದ. ಇನ್ನು ಹೆದರಿದ ಕಡವೆ? ಪಶ್ಚಿಮ ಘಟ್ಟದ ಕಾಡಿನಲ್ಲಿ 20 ಮೀಟರ್ ಆಚೆಗೆ ಏನೂ ಕಾಣುವುದಿಲ್ಲ. ಗುಂಡಿಗೆ ಒಡೆದ ಪ್ರಾಣಿ 100 ಮೀಟರ್ ಆಚೆ ಸತ್ತು ಬಿದ್ದಿರುತ್ತದೆ, ಹೊಡೆದವನು "ತಪ್ಪಿತು" ಎಂದು ಮನೆಗೆ ಬಂದು ಮಲಗಿರುತ್ತಾನೆ.

ಇದು ಅತ್ಯಂತ ಬೇಗ ಬರುವ ಸಾವು. ನಿಧಾನದ್ದಕ್ಕೆ ಈಗ ಬರೋಣ.

ನೈಫ್‌ನವರಿಗೆ ವಾಟರ್‌ಫ್ರಂಟ್ ಮಾರ್ಕೆಟ್ ಹತ್ತಿರವೇ. ಮುಂದಿನ ಸಲ ಅಮ್ಮ ಮಟನ್ ತರಲು ಕಳಿಸಿದಾಗ ಕುರಿಯ ಗುಂಡಿಗೆ, ಶ್ವಾಸಕೋಶ ಒಟ್ಟಿಗೆ ನೇತುಹಾಕಿದ್ದರೆ ಒಂದು ನಿಮಿಷ ನಿಂತು ನೋಡಿ. ಶ್ವಾಸಕೋಶ ಎಡಕ್ಕೊಂದು, ಬಲಕ್ಕೊಂದು, ನಡುವೆ ಗುಂಡಿಗೆ. ಜೀವಂತ ಪ್ರಾಣಿಯ ಎದೆಯಲ್ಲಿ ಈ ಎರಡು ಶ್ವಾಸಕೋಶಗಳೂ ಬೇರೆ ಬೇರೆ ಕೋಣೆಗಳಲ್ಲಿರುತ್ತವೆ, ನಡುವೆ ಪೊರೆಯ ಗೋಡೆ. ಒಂದು ಕೋಣೆಗೆ ತೂತು ಬಿದ್ದು ಗಾಳಿ ನುಗ್ಗಿ ಆ ಕಡೆಯ ಶ್ವಾಸಕೋಶ ಮುದುಡಿದರೂ ಇನ್ನೊಂದು ಕೆಲಸ ಮಾಡುತ್ತಲೇ ಇರುತ್ತದೆ. ಪ್ರಾಣಿ ನೇರ ಪಕ್ಕಕ್ಕೆ ತಿರುಗಿ ನಿಲ್ಲದೆ ಕೊಂಚ ಓರೆಯಾಗಿ ನಿಂತಿದ್ದರೆ ಎದೆಗೇ ಬಿದ್ದ ಗುಂಡು ಒಂದೇ ಶ್ವಾಸಕೋಶವನ್ನು ಹೊಕ್ಕು ಹೊರಟುಹೋಗಬಹುದು. ಅಂಥ ಎಲ್ಕ್ ಗಂಟೆಗಟ್ಟಲೆ ನಡೆಯುತ್ತದೆ, ಬೆಟ್ಟ ಹತ್ತುತ್ತದೆ. ಕೆಲವು ಬದುಕಿಯೇಬಿಡುತ್ತವೆ.

ಇನ್ನು ಎತ್ತರಕ್ಕೆ ಬಿದ್ದ ಗುಂಡು. ಇದಕ್ಕೆ ನಮ್ಮ ಕಾಟಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಕಾಡುಕೋಣದ ಭುಜದ ಮೇಲಿನ ಆ ಭಾರೀ ದಿಣ್ಣೆಯನ್ನು ನಾಗರಹೊಳೆಯಲ್ಲೋ ಬಂಡೀಪುರದಲ್ಲೋ ನೀವು ನೋಡಿರಬಹುದು. ಅದರೊಳಗೆ ಇರುವುದು ಬೆನ್ನುಮೂಳೆಯಿಂದ ಮೇಲಕ್ಕೆ ಚಾಚಿದ ಉದ್ದುದ್ದ ಮೂಳೆಯ ಕಡ್ಡಿಗಳು ಮತ್ತು ಮಾಂಸ. ನಿಜವಾದ ಬೆನ್ನುಹುರಿ ಅದಕ್ಕಿಂತ ಬಹಳ ಕೆಳಗೆ, ಶ್ವಾಸಕೋಶ ಇನ್ನೂ ಕೆಳಗೆ. ಹೊರಗಿನಿಂದ ನೋಡುವವನಿಗೆ ದೇಹದ ನಡುಭಾಗ ಎಂದು ಕಾಣುವುದಕ್ಕೂ ಪ್ರಾಣ ಇರುವ ಜಾಗಕ್ಕೂ ತಾಳೆಯೇ ಇಲ್ಲ. ಕಡವೆಯಲ್ಲೂ ಈ ಕಡ್ಡಿಗಳಿವೆ, ಚಿಕ್ಕವು. ಗುಂಡು ಅದಕ್ಕೆ ಬಡಿದರೆ ಬೆನ್ನುಹುರಿಗೆ ಆಘಾತವಾಗಿ ಪ್ರಾಣಿ ಸಿಡಿಲು ಬಡಿದಂತೆ ಬೀಳುತ್ತದೆ. ಹೊಡೆದವನು ಕೋವಿಯನ್ನು ಮರಕ್ಕೊರಗಿಸಿ ಬೀಡಿ ಹಚ್ಚುತ್ತಾನೆ. ಆಘಾತ ಇಳಿದ ಮೇಲೆ ಅದು ಎದ್ದು ಕಾಡು ಸೇರುತ್ತದೆ. ಬೇಟೆ ಗೊತ್ತಿರುವವರು ನಿಂತಲ್ಲೇ ಕುಸಿದ ಪ್ರಾಣಿಯನ್ನೇ ಹೆಚ್ಚು ಅನುಮಾನದಿಂದ ನೋಡುತ್ತಾರೆ.

ರಕ್ತದ ಲೆಕ್ಕವನ್ನೂ ನೋಡಿ. ಸಸ್ತನಿಗಳಲ್ಲಿ ದೇಹದ ತೂಕದ ಸುಮಾರು ಶೇ. 7–8 ರಕ್ತ. 200 ಕಿಲೋ ಕಡವೆಯಲ್ಲಿ 15 ಲೀಟರ್ ಹತ್ತಿರ. ಅದರಲ್ಲಿ ಐದಾರು ಲೀಟರ್ ಹೋದರೆ ಕಾಲು ಸೋಲುತ್ತದೆ. ಆದರೆ ದೇಹ ಅದನ್ನು ಸುಮ್ಮನೆ ಹೋಗಲು ಬಿಡುವುದಿಲ್ಲ. ಅಡ್ರಿನಲಿನ್ ಏರುತ್ತದೆ, ಚರ್ಮಕ್ಕೂ ಹೊಟ್ಟೆಗೂ ಹೋಗುವ ರಕ್ತನಾಳಗಳು ಬಿಗಿಯುತ್ತವೆ, ಉಳಿದ ರಕ್ತ ಮೆದುಳಿಗೂ ಗುಂಡಿಗೆಗೂ ಮೀಸಲು. ಗುಲ್ಮ ಎಂಬ ಅಂಗ ತನ್ನಲ್ಲಿ ಕೂಡಿಟ್ಟ ಕೆಂಪು ರಕ್ತಕಣಗಳನ್ನು ಹಿಂಡಿ ಹೊರಗೆ ಬಿಡುತ್ತದೆ. ತೂತಿನ ಬಾಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಸಾವಿರಾರು ವರ್ಷ ಹುಲಿಯ ಉಗುರು, ಸೀಳುನಾಯಿಯ ಹಲ್ಲು ತಪ್ಪಿಸಿಕೊಂಡು ಉಳಿದವುಗಳ ವಂಶ ಇದು. ಸೀಳುನಾಯಿಗಳು ಬೆನ್ನಟ್ಟಿದಾಗ ಕಡವೆ ಗಾಯಗೊಂಡೂ ಕೆರೆಗಿಳಿದು, ಎದೆಮಟ್ಟದ ನೀರಿನಲ್ಲಿ ತಿರುಗಿ ನಿಲ್ಲುತ್ತದೆ. ಕೋವಿ ಬಂದದ್ದು ನಿನ್ನೆ ಮೊನ್ನೆ. ಆ ದೇಹಕ್ಕೆ ಗುಂಡಿನ ಗಾಯವೂ ಇನ್ನೊಂದು ಗಾಯ, ಅಷ್ಟೆ.

(ನಡುವೆ ಒಂದು ಮಾತು. ಇದೇ ಲೆಕ್ಕ ನಮಗೂ ಅನ್ವಯಿಸುತ್ತದೆ, ನಮ್ಮಲ್ಲಿರುವುದು ಬರೀ ಐದು ಲೀಟರ್. ಮರಳುಗಾಡಿನ ಕ್ಯಾಂಪಿನಲ್ಲೋ ರಸ್ತೆಯಲ್ಲೋ ಯಾರಿಗಾದರೂ ರಕ್ತ ಚಿಮ್ಮುತ್ತಿದ್ದರೆ ಬಟ್ಟೆ ಇಟ್ಟು ಬಲವಾಗಿ ಒತ್ತಿ ಹಿಡಿಯಿರಿ, ಬಿಡಬೇಡಿ, ಇನ್ನೊಬ್ಬರಿಂದ 998ಕ್ಕೆ ಫೋನ್ ಮಾಡಿಸಿ.)

ಹಾಗಾಗಿ ನಿಜವಾದ ಬೇಟೆಗಾರನ ಕೆಲಸ ಈಡಿನ ನಂತರ ಶುರುವಾಗುತ್ತಿತ್ತು. ಮರಸು ಕೂತು ಹೊಡೆದವನು ತಕ್ಷಣ ಓಡಿಹೋಗುತ್ತಿರಲಿಲ್ಲ. ಬೆನ್ನಟ್ಟದೆ ಬಿಟ್ಟರೆ ಗಾಯಗೊಂಡ ಪ್ರಾಣಿ ಸ್ವಲ್ಪ ದೂರದಲ್ಲೇ ಮಲಗುತ್ತದೆ, ಬೆನ್ನಟ್ಟಿದರೆ ಅದೇ ಅಡ್ರಿನಲಿನ್ ಮೇಲೆ ಇನ್ನೊಂದು ಗುಡ್ಡ ದಾಟುತ್ತದೆ. ಆಮೇಲೆ ಎಲೆಯ ಮೇಲಿನ ರಕ್ತ ಓದುವುದು. ನೊರೆನೊರೆಯಾಗಿ ತಿಳಿಗೆಂಪು ಇದ್ದರೆ ಶ್ವಾಸಕೋಶ, ಪ್ರಾಣಿ ಹತ್ತಿರವೇ ಇದೆ. ಕಡುಗೆಂಪು ಇದ್ದರೆ ಲಿವರ್, ಕಾಯಬೇಕು. ಹಸಿರು ಮಿಶ್ರಿತ, ಸಗಣಿಯ ವಾಸನೆ ಇದ್ದರೆ ಹೊಟ್ಟೆ. ಅದು ಎಲ್ಲಕ್ಕಿಂತ ಕೆಟ್ಟದ್ದು, ಸಾಯಲು ಇಡೀ ದಿನ ಹಿಡಿಯಬಹುದು. ಜುಲೈ ತಿಂಗಳ ಮಲೆನಾಡಿನಲ್ಲಿ ಹೀಗೆ ಕಾಯುತ್ತ ಕೂತರೆ ಮಳೆ ಅಷ್ಟನ್ನೂ ತೊಳೆದುಬಿಡುತ್ತದೆ. ಕಾಯದೆ ಹೋದರೆ ಪ್ರಾಣಿ ಓಡುತ್ತದೆ. ನಿಮ್ಮ ರಜೆ ಬರುವುದು ಆ ತಿಂಗಳಲ್ಲೇ.

ಸ್ವೀಡನ್ನಿನಲ್ಲಿ ಬೇಟೆ ಕಾನೂನುಬದ್ಧ. ಆದರೆ ಅಲ್ಲಿನ ದೊಡ್ಡ ಜಿಂಕೆಯ ಬೇಟೆಗೆ ಒಂದು ಷರತ್ತು ಇದೆ: ಗಾಯಗೊಂಡದ್ದನ್ನು ಹುಡುಕಬಲ್ಲ, ತರಬೇತಿ ಪಡೆದ ನಾಯಿ 2 ಗಂಟೆಯೊಳಗೆ ಆ ಜಾಗಕ್ಕೆ ಬರುವಂತಿರಬೇಕು. ಒಳ್ಳೆಯ ಗುರಿಕಾರನ ಗುಂಡನ್ನೂ ಆ ಕಾನೂನು ಪೂರ್ತಿ ನಂಬುವುದಿಲ್ಲ ಎಂಬುದು ನನಗೆ ಇಷ್ಟ. ರಾತ್ರಿ ಜೀಪಿನಿಂದ ಟಾರ್ಚು ಬಿಟ್ಟು ಹೊಳೆಯುವ ಕಣ್ಣಿಗೆ ಹೊಡೆದು, ಬೀಳದಿದ್ದರೆ ಫಾರೆಸ್ಟ್‌ನವರ ಭಯಕ್ಕೆ ಗಾಡಿ ತಿರುಗಿಸುವವರ ಬಳಿ ಅಂಥ ನಾಯಿಯೂ ಇಲ್ಲ, ಎರಡು ಗಂಟೆಯೂ ಇಲ್ಲ. ಅದನ್ನು ಬೇಟೆ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಹುಡುಕದೆ ಬಿಟ್ಟ ಗಾಯದ ಬೆಲೆಯನ್ನು ಕೆಲವು ಸಲ ಮನುಷ್ಯರೂ ಕೊಟ್ಟಿದ್ದಾರೆ. 1907ರಲ್ಲಿ ಜಿಮ್ ಕಾರ್ಬೆಟ್ ಕೊಂದ ಚಂಪಾವತದ ಹೆಣ್ಣುಹುಲಿ 436 ಜನರನ್ನು ಕೊಂದಿತ್ತು ಎಂಬ ಲೆಕ್ಕವಿದೆ. ಅದರ ಬಲಗಡೆಯ ಕೋರೆಹಲ್ಲುಗಳು ಹಳೆಯ ಗುಂಡೇಟಿನಿಂದ ಮುರಿದಿದ್ದವು. ತನ್ನ ಸಹಜ ಬೇಟೆಯನ್ನು ಹಿಡಿಯಲಾಗದೆ ಅದು ಮನುಷ್ಯರ ಕಡೆ ತಿರುಗಿತು ಎಂದು ಕಾರ್ಬೆಟ್ ಬರೆದ. ಕೆನೆತ್ ಆಂಡರ್ಸನ್‌ನ ನರಭಕ್ಷಕ ಕತೆಗಳನ್ನು ಪೂರ್ಣಚಂದ್ರ ತೇಜಸ್ವಿ 'ಕಾಡಿನ ಕತೆಗಳು' ಎಂದು ಕನ್ನಡಕ್ಕೆ ತಂದಿದ್ದಾರೆ. ಕೆದಂಬಾಡಿ ಜತ್ತಪ್ಪ ರೈಗಳ 'ಬೇಟೆಯ ನೆನಪುಗಳು' ಮತ್ತು 'ಈಡೊಂದು ಹುಲಿಯೆರಡು' ನಮ್ಮದೇ ಕಾಡಿನ ನೆನಪುಗಳು. ಕನ್ನಡ ಓದಲು ಕಷ್ಟವಾದರೆ ಅಪ್ಪನಿಂದ ಓದಿಸಿ ಕೇಳಿ, ಅವರಿಗೂ ಖುಷಿಯಾಗುತ್ತದೆ.

ಕಾನೂನಿನ ವಿಷಯ ಎರಡೇ ಮಾತಿನಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಜತ್ತಪ್ಪ ರೈಗಳ ಕಾಲದ ಬೇಟೆ ಮುಗಿಯಿತು. ಕಾಟಿಯನ್ನು ಕೊಂದರೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು. ಕಡವೆಯನ್ನು ಕೊಲ್ಲುವುದೂ ಅಪರಾಧ. ಫೋನಿನಲ್ಲಿ ನೀವೇ ತೆಗೆದ ವಿಡಿಯೊ ನಿಮ್ಮ ವಿರುದ್ಧದ ಮೊದಲ ಸಾಕ್ಷಿಯಾಗುತ್ತದೆ.

ಈ ರಜೆಯಲ್ಲಿ ಊರಿಗೆ ಹೋದಾಗ ಹಳೆಯ ಬೇಟೆಗಾರರೊಬ್ಬರು ಸಿಕ್ಕರೆ ಪಕ್ಕದಲ್ಲಿ ಕೂತು ಕತೆ ಕೇಳಿ, ಆ ತಲೆಮಾರು ಹೆಚ್ಚು ದಿನ ಇರುವುದಿಲ್ಲ. ಹೊಡೆದ ಕಡವೆ ಎಷ್ಟು ಎಂದು ಎಲ್ಲರೂ ಅವರನ್ನು ಕೇಳಿಯಾಗಿದೆ. ನೀವು ಬೇರೆ ಕೇಳಿ: "ಅಜ್ಜ, ಹೊಡೆದೂ ಸಿಗದೆ ಹೋದವು ಎಷ್ಟು? ಎಷ್ಟು ದಿನ ಹುಡುಕಿದ್ರಿ?" ಅವರು ತಕ್ಷಣ ಉತ್ತರ ಕೊಡಲಿಕ್ಕಿಲ್ಲ. ಎಲೆಯಡಿಕೆ ಜಗಿದು ಮುಗಿಯುವ ತನಕ ಕಾಯಿರಿ.