ಎಳನೀರಿಗೆ ಇಳಿಯದ ಉರಿ

ಇವತ್ತು ಇಯರ್‌ಫೋನ್ ಹಾಕ್ಕೊಂಡೇ ಕೇಳಿ. ಮನೇಲಿ ಸ್ಪೀಕರ್‌ನಲ್ಲಿ ಹಾಕೋಕೆ ಮುಜುಗರ ಆಗೋ ವಿಷಯ ಇದು. ಆ ಮುಜುಗರದಿಂದ ಏನೇನಾಗುತ್ತೆ ಅನ್ನೋದೇ ಇವತ್ತಿನ ಮಾತು.

ನಮ್ಮ ಕಡೆ ಮೂತ್ರ ಮಾಡುವಾಗ ಉರಿ ಅಂದ್ರೆ ಎಲ್ರೂ ಕೊಡೋ ಸಲಹೆ ಒಂದೇ: "ಹೀಟ್ ಆಗಿದೆ, ಎಳನೀರು ಕುಡಿ." ಗುಬ್ಬೀಲಿ ಎಳನೀರಿಗೇನು ಬರ? ಅಲ್ಲಿನ ನನ್ನ ಗೆಳೆಯನೊಬ್ಬ ಹತ್ತು ದಿನ ಅದನ್ನೇ ಮಾಡಿದ. ಉರಿ ಜೊತೆ ಹಳದಿ ಕೀವೂ ಬರ್ತಿತ್ತು. ಅದನ್ನ ಯಾರಿಗೂ ಹೇಳಲಿಲ್ಲ. ಊರಿನ ಮೆಡಿಕಲ್ ಶಾಪ್‌ನವರಿಗೆ ಅವರಪ್ಪ ಗೊತ್ತು. ಅದಕ್ಕೆ ಬಸ್ ಹತ್ತಿ ತುಮಕೂರಿಗೆ ಬಂದು, ಯಾವುದೋ ಅಂಗಡೀಲಿ ನಾಲ್ಕು ಮಾತ್ರೆ ತಗೊಂಡ. ಉರಿ ಕಮ್ಮಿ ಆಯ್ತು, ಮರೆತುಬಿಟ್ಟ.

ಎರಡು ತಿಂಗಳಾದ ಮೇಲೆ ಒಂದು ವೃಷಣ ಊದಿಕೊಂಡು, ಬೈಕ್ ಮೇಲೆ ಕೂರೋಕಾಗದಷ್ಟು ನೋವು. ಆಗ ಡಾಕ್ಟರ್ ಹತ್ರ ಹೋದ. ಪರೀಕ್ಷೇಲಿ ಗೊನೊರಿಯಾ ಅಂತ ಗೊತ್ತಾಯ್ತು. ಅಷ್ಟರಲ್ಲಿ ಅವನಿಗೆ ಮದುವೆ ಆಗಿ ಒಂದು ತಿಂಗಳು. ಹುಡುಗಿ ಕುಣಿಗಲ್ ಕಡೆಯವರು. (ಅವರಿಬ್ಬರ ಒಪ್ಪಿಗೆ ತಗೊಂಡೇ ಇದನ್ನ ಹೇಳ್ತಿದ್ದೀನಿ.)

ಆ ಹುಡುಗೀಗೆ ಉರಿ ಇಲ್ಲ, ನೋವಿಲ್ಲ, ಏನೂ ಇಲ್ಲ. ಆದ್ರೆ ಸೋಂಕು ಇತ್ತು. ಹೆಂಗಸರಲ್ಲಿ ಬಹಳಷ್ಟು ಸಲ ಗೊನೊರಿಯಾ ಯಾವ ಲಕ್ಷಣಾನೂ ತೋರಿಸಲ್ಲ. ಚಿಕಿತ್ಸೆ ಇಲ್ಲದಿದ್ರೆ ಅದು ಗರ್ಭಕೋಶ ದಾಟಿ ಗರ್ಭನಾಳಕ್ಕೆ ಏರಬಹುದು. ಅಲ್ಲಿ ಗಾಯವಾಗಿ, ಮಾಯುವಾಗ ನಾಳ ಕಟ್ಟಿಕೊಳ್ಳಬಹುದು. ಆಮೇಲೆ ಮಕ್ಕಳಾಗೋದು ಕಷ್ಟ. ಭ್ರೂಣ ಗರ್ಭಕೋಶ ತಲುಪದೆ ನಾಳದಲ್ಲೇ ಬೆಳೆದ್ರೆ, ನಾಳ ಒಡೆದು ತಾಯಿ ಜೀವಕ್ಕೇ ಕುತ್ತು. ಹೆರಿಗೆ ಸಮಯದಲ್ಲಿ ಸೋಂಕಿದ್ರೆ ಮಗುವಿನ ಕಣ್ಣಿಗೆ ತಗುಲಿ, ದೃಷ್ಟಿ ಹೋಗೋ ಅಪಾಯವೂ ಇದೆ.

ನಮ್ಮೂರುಗಳಲ್ಲಿ ಮಕ್ಕಳಾಗಲಿಲ್ಲ ಅಂದ್ರೆ ಮೊದಲು ಬೆರಳು ತೋರಿಸೋದು ಸೊಸೆ ಕಡೆಗೆ. ಹರಕೆ ಹೊರಿಸ್ತಾರೆ, ಮಾತು ಆಡ್ತಾರೆ. ಮಗ ಎಂದೋ ಗುಟ್ಟಾಗಿ ನುಂಗಿದ ನಾಲ್ಕು ಮಾತ್ರೆ ಯಾರ ಲೆಕ್ಕಕ್ಕೂ ಬರಲ್ಲ.

ಸಿಫಿಲಿಸ್ ಇನ್ನೂ ಮೋಸ. ಮೊದಲು ಒಂದು ಹುಣ್ಣು, ಅದಕ್ಕೆ ನೋವೇ ಇರಲ್ಲ. ಕೆಲವು ವಾರಕ್ಕೆ ತಾನಾಗೇ ಮಾಯುತ್ತೆ. ಆದ್ರೆ ರೋಗ ಒಳಗೇ ಉಳಿದು, ವರ್ಷಗಳಾದ ಮೇಲೆ ಹೃದಯ, ಮೆದುಳನ್ನೂ ಹಾಳು ಮಾಡಬಹುದು. ಇಂಥ ಸೋಂಕುಗಳಿದ್ದಾಗ ಎಚ್‌ಐವಿ ತಗುಲೋ ಸಾಧ್ಯತೆಯೂ ಹೆಚ್ಚು.

ನಾನು ಬಿಕಾಂ ಓದಿದವನು, ಡಾಕ್ಟರ್ ಅಲ್ಲ. ಅದಕ್ಕೇ ಮಾತ್ರೆ ಹೆಸರು ಹೇಳಲ್ಲ, ನೀವೂ ಅಂಗಡೀಲಿ ಕೇಳಬೇಡಿ. ಒಂದು ಕಾಲಕ್ಕೆ ಗೊನೊರಿಯಾಗೆ ಪೆನಿಸಿಲಿನ್ ಸಾಕಾಗ್ತಿತ್ತು. ಈಗ ಅದನ್ನ ನಂಬೋ ಹಾಗಿಲ್ಲ. ಆಮೇಲೆ ಬಂದ ಸಿಪ್ರೋಫ್ಲಾಕ್ಸಾಸಿನ್ ಕಥೆಯೂ ಅಷ್ಟೇ. ಮನಸ್ಸಿಗೆ ಬಂದ ಹಾಗೆ ನುಂಗಿದಷ್ಟೂ ರೋಗಾಣು ಗಟ್ಟಿಯಾಗುತ್ತೆ.

ಒಳ್ಳೇ ಸುದ್ದಿ ಅಂದ್ರೆ, ಸರಿಯಾದ ಔಷಧಿ ಸಿಕ್ಕಿದ್ರೆ ಗೊನೊರಿಯಾ, ಸಿಫಿಲಿಸ್ ಎರಡೂ ವಾಸಿಯಾಗುತ್ತೆ. ಆಗಿರೋ ಹಾನಿ ಮಾತ್ರ ಎಷ್ಟೋ ಸಲ ವಾಪಸ್ ಬರಲ್ಲ. ಅದಕ್ಕೇ ಬೇಗ ಹೋಗಿ ಅನ್ನೋದು. ಜಿಲ್ಲಾಸ್ಪತ್ರೆಗಳಲ್ಲಿ ಇದಕ್ಕೇ ಅಂತ 'ಸುರಕ್ಷಾ ಕ್ಲಿನಿಕ್' ಇರುತ್ತೆ, ಚಿಕಿತ್ಸೆ ಉಚಿತ. ಹೋಗೋಕೆ ಧೈರ್ಯ ಸಾಲದಿದ್ರೆ ಮೊದಲು 1097ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಏಡ್ಸ್ ಸಹಾಯವಾಣಿ, ಕಾಸು ಖರ್ಚಾಗಲ್ಲ. ನೀವೊಬ್ರೇ ಅಂದ್ಕೋಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿನ ಪ್ರಕಾರ 2020ರಲ್ಲಿ ಜಗತ್ತಿನಲ್ಲಿ 8 ಕೋಟಿ 20 ಲಕ್ಷ ಹೊಸ ಗೊನೊರಿಯಾ ಸೋಂಕುಗಳಾಗಿವೆ.

ಇನ್ನೊಂದು ಮಾತು. ನಿಮ್ಮ ಸಂಗಾತಿಗೂ ಚಿಕಿತ್ಸೆ ಆಗಲೇಬೇಕು. ಇಲ್ಲಾಂದ್ರೆ ಸೋಂಕು ಮತ್ತೆ ನಿಮಗೇ ಬರುತ್ತೆ. ಇಬ್ಬರಿಗೂ ವಾಸಿ ಆಯ್ತು ಅಂತ ಡಾಕ್ಟರ್ ಹೇಳೋವರೆಗೂ ಸೇರಬೇಡಿ. ಆಮೇಲೂ ಕಾಂಡೋಮ್ ಮರೀಬೇಡಿ.

ನನ್ನ ಗೆಳೆಯ ಆ ರಾತ್ರಿ ಹೆಂಡತಿ ಮುಂದೆ ಎಲ್ಲಾ ಹೇಳಿದ. ಅವರು ಅತ್ತರು. ಬೆಳಿಗ್ಗೆ ಎದ್ದು ಚಿಕಿತ್ಸೆ ತಗೊಂಡು, ಹದಿನೈದು ದಿನ ಕುಣಿಗಲ್‌ಗೆ ತವರಿಗೆ ಹೋದರು. ಆಮೇಲೆ ವಾಪಸ್ ಬಂದರು. "ರೋಗಕ್ಕಲ್ಲ ಅಣ್ಣ ನಂಗೆ ಸಿಟ್ಟು, ಮದುವೆಗೆ ಮುಂಚೆ ಹೇಳಲಿಲ್ವಲ್ಲ ಅಂತ" ಅಂದ್ರು ನನ್ನ ಹತ್ರ.

ಈ ಎಪಿಸೋಡ್ ಯಾರಿಗಾದ್ರೂ ಬೇಕಿರಬಹುದು ಅನ್ಸಿದ್ರೆ, ಏನೂ ಕೇಳದೆ ಸುಮ್ನೆ ಕಳಿಸಿಬಿಡಿ. ಮುಂದಿನ ವಾರ ಸಿಗೋಣ.