ಮರೆಯಲ್ಲಿ ಕುಳಿತ ತಾಳಗಾರ
(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಒಳ್ಳೆಯ ಹಾಡೊಂದು ಕಿವಿಗೆ ಬಿದ್ದೊಡನೆ "ಹಾಡಿದವರು ಯಾರು?" ಎಂದು ಕೇಳುವುದು ನಮ್ಮೆಲ್ಲರ ರೂಢಿ. "ತಾಳ ನುಡಿಸಿದವರು ಯಾರು?" ಎಂದು ಕೇಳುವವರು ವಿರಳ. ಹಾಡಿದವರ ಭಾವಚಿತ್ರವು ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ಶೋಭಿಸುತ್ತದೆ; ತಾಳಗಾರನ ಹೆಸರು ಎಷ್ಟೋ ವೇಳೆ ಎಲ್ಲಿಯೂ ಕಾಣಿಸುವುದಿಲ್ಲ. ಅಂತಹ ಒಬ್ಬರ ಜೀವನವನ್ನು ಈ ದಿನ ನಿಮ್ಮ ಮುಂದಿಡಬೇಕೆಂದು ಬಂದಿದ್ದೇನೆ. ಅವರು ಅಮೆರಿಕದ ಅರ್ಲ್ ಪಾಮರ್. ಈ ಹೆಸರಿಗೆ ನಮ್ಮ ಭಾಷೆಯಲ್ಲಿ ಬೇರೆಯೇ ಅರ್ಥ ಹೊಳೆಯುತ್ತದೆ, ನಿಜ. ಆದರೆ ತಮ್ಮ ವಿದ್ಯೆಯಲ್ಲಿ ಅವರು ಪಂಡಿತರೇ ಸರಿ.

ಪಾಮರ್ ಅವರು 1924ರ ಅಕ್ಟೋಬರ್ 25ರಂದು ನ್ಯೂ ಆರ್ಲಿಯನ್ಸ್ ನಗರದಲ್ಲಿ ಜನಿಸಿದರು. ಜಾಸ್ ಎಂಬ ಸಂಗೀತದ ತವರೂರು ಅದೇ. ಆಫ್ರಿಕದಿಂದ ಗುಲಾಮರಾಗಿ ಒಯ್ಯಲ್ಪಟ್ಟವರ ಸಂತತಿಯವರು ತಮ್ಮ ನೋವು ನಲಿವುಗಳನ್ನೆಲ್ಲ ಬೆರೆಸಿ ಬೆಳೆಸಿದ ಸಂಗೀತವದು. ಪಾಮರರ ತಾಯಿಯೂ ಚಿಕ್ಕಮ್ಮನೂ ರಂಗಭೂಮಿಯಲ್ಲಿ ಹಾಡಿ ಕುಣಿದು ಜೀವನ ನಡೆಸುತ್ತಿದ್ದರು. ಬಾಲಕನು ಐದರ ಪ್ರಾಯದಲ್ಲಿಯೇ ಬೂಟಿನ ಅಡಿಯಿಂದ ನೆಲವನ್ನು ತಟ್ಟಿ ತಾಳ ಹೊರಡಿಸುವ 'ಟ್ಯಾಪ್' ನೃತ್ಯವನ್ನು ಕಲಿತು, ಮುಂದೆ ಐಡಾ ಕಾಕ್ಸ್ ಎಂಬ ಪ್ರಸಿದ್ಧ ಗಾಯಕಿಯ ತಂಡದೊಡನೆ ಊರೂರು ಸುತ್ತಿದನು. ಕೈಗೆ ಕೋಲು ಬರುವ ಮೊದಲೇ ತಾಳವು ಅವನ ಕಾಲಿಗೆ ಬಂದಿತ್ತು.

ಎರಡನೆಯ ಮಹಾಯುದ್ಧದಲ್ಲಿ ಪಾಮರ್ ಸೈನ್ಯ ಸೇರಿ ಯುರೋಪಿಗೆ ಹೋದರು. ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಆ ಸೈನ್ಯದಲ್ಲಿಯೇ ಕರಿಯರಿಗೆ ಬೇರೆ ದಳ, ಬಿಳಿಯರಿಗೆ ಬೇರೆ ದಳ. ಇವರ ಪಾಲಿಗೆ ಬಂದದ್ದು ಮದ್ದುಗುಂಡುಗಳನ್ನು ಹೊತ್ತು ಸಾಗಿಸುವ ಕೆಲಸ. ಯುದ್ಧ ಮುಗಿದ ಮೇಲೆ, ಮರಳಿ ಬಂದ ಸೈನಿಕರ ವಿದ್ಯಾಭ್ಯಾಸಕ್ಕೆ ಸರಕಾರವು ಕೊಡುತ್ತಿದ್ದ ನೆರವನ್ನು ಪಡೆದು, ಅವರು ತಮ್ಮ ಊರಿನ ಗ್ರುನೆವಾಲ್ಡ್ ಸಂಗೀತ ಶಾಲೆಗೆ ಸೇರಿದರು. ವಿದ್ಯಾರ್ಥಿಗಳೇ, ಇಲ್ಲಿ ಸ್ವಲ್ಪ ನಿಲ್ಲಿರಿ. ಹುಟ್ಟಿನಿಂದಲೇ ತಾಳವನ್ನು ಬಲ್ಲವನು, ದೇಶ ಸುತ್ತಿದವನು, ಯುದ್ಧ ಕಂಡವನು, ಇಪ್ಪತ್ತು ದಾಟಿದ ಮೇಲೆ ಹಲಗೆಯ ಮೇಲೆ ಕುಳಿತು ಸಂಗೀತದ ಲಿಪಿಯನ್ನು ಮೊದಲಿನಿಂದ ಕಲಿತನು. "ನನಗೆಲ್ಲ ಕೇಳಿಯೇ ಬರುತ್ತದೆ" ಎಂದು ಬೀಗಲಿಲ್ಲ. ಅವರಿಗೆ ಬಾಳೆಲ್ಲ ಅನ್ನ ಕೊಟ್ಟದ್ದು ಆ ಓದು.

1947ರಲ್ಲಿ ಡೇವ್ ಬಾರ್ಥಲೊಮ್ಯು ಅವರ ತಂಡವನ್ನು ಸೇರಿದ ಪಾಮರ್, ಕೊಸಿಮೊ ಮಟಾಸಾ ಎಂಬವರು ತಮ್ಮ ಅಂಗಡಿಯ ಹಿಂಬದಿಯಲ್ಲಿ ನಡೆಸುತ್ತಿದ್ದ ಸಣ್ಣ ಮುದ್ರಣಶಾಲೆಯಲ್ಲಿ ಡ್ರಮ್ ನುಡಿಸತೊಡಗಿದರು. ಆಗ ಎಲ್ಲರೂ ಏಕಕಾಲದಲ್ಲಿ ನುಡಿಸಬೇಕು. ಒಬ್ಬನು ತಪ್ಪಿದರೆ ಎಲ್ಲರೂ ಮೊದಲಿನಿಂದ ಆರಂಭಿಸಬೇಕು. 1949ರ ಡಿಸೆಂಬರ್ 10ರಂದು ಫ್ಯಾಟ್ಸ್ ಡಾಮಿನೊ ಎಂಬ ಯುವಕನ 'ದಿ ಫ್ಯಾಟ್ ಮ್ಯಾನ್' ಎಂಬ ಹಾಡಿನ ಮುದ್ರಣ ನಡೆಯಿತು. ನಾಲ್ಕು ಎಣಿಕೆಗಳ ಒಂದು ಆವರ್ತವನ್ನು ಮನಸ್ಸಿನಲ್ಲಿ ತಂದುಕೊಳ್ಳಿ. ಎರಡನೆಯ ಮತ್ತು ನಾಲ್ಕನೆಯ ಎಣಿಕೆಗಳಿಗೆ ಬಲವಾದ ಪೆಟ್ಟು ಕೊಡುವ ಕ್ರಮವು ನ್ಯೂ ಆರ್ಲಿಯನ್ಸಿನ ಜಾಸ್ ವಾದಕರಿಗೆ ಹೊಸತಲ್ಲ. ಆದರೆ ಹಾಡಿನ ಕೊನೆಯ ಸುತ್ತು ರಂಗೇರಿದಾಗ ಮಾತ್ರ ಅವರು ಹಾಗೆ ನುಡಿಸುತ್ತಿದ್ದರು. ಪಾಮರ್ ಆ ಪೆಟ್ಟನ್ನು ಆದಿಯಿಂದ ಅಂತ್ಯದವರೆಗೂ ಎಳೆದರು. ಮುಂದೆ 1955ರಲ್ಲಿ ಲಿಟಲ್ ರಿಚರ್ಡ್ ಅವರ ಬಲಗೈ ಪಿಯಾನೊದ ಮೇಲೆ ಬಿರುಗಾಳಿಯಂತೆ ಓಡಿದಾಗ, ಹಳೆಯ ತೂಗುನಡೆಯನ್ನು ಬಿಟ್ಟು ಅದಕ್ಕೆ ಸರಿಯಾದ ನೇರನಡೆಯನ್ನು ಹಿಡಿದವರೂ ಇವರೇ. ರಾಕ್ ಅಂಡ್ ರೋಲ್ ಎಂಬ ಸಂಗೀತದ ಎದೆಬಡಿತವು ಹೀಗೆ ರೂಪುಗೊಂಡಿತು. ವಿಚಿತ್ರವೇನೆಂದರೆ, ಪಾಮರರ ಒಲವು ಕೊನೆಯವರೆಗೂ ಜಾಸ್ ಸಂಗೀತದ ಕಡೆಗೇ ಇತ್ತು; ಉಳಿದದ್ದನ್ನು ಅವರು ಕೈಗೆ ಬಂದ ಕೆಲಸವೆಂದು ತಿಳಿದು ಶ್ರದ್ಧೆಯಿಂದ ಮಾಡಿದರು.

1957ರಲ್ಲಿ ಅವರು ಲಾಸ್ ಏಂಜಲೀಸ್ ನಗರಕ್ಕೆ ಹೋಗಿ ನೆಲೆಸಿದರು. ಅಲ್ಲಿ ಕೂಲಿ ವಾದಕನ ದಿನಚರಿ ಕಠಿನವಾದುದು. ಮುದ್ರಣಕ್ಕೆ ಸಾಮಾನ್ಯವಾಗಿ ಮೂರು ಗಂಟೆಗಳ ಅವಧಿ. ಬೆಳಗ್ಗೆ ಚಲನಚಿತ್ರಕ್ಕೆ, ಮಧ್ಯಾಹ್ನ ಜಾಹಿರಾತಿಗೆ, ರಾತ್ರಿ ಗಾಯಕನೊಬ್ಬನ ಹಾಡಿಗೆ. ಎದುರಿಗಿಟ್ಟ ಕಾಗದವನ್ನು ಆಗಲೇ ಓದಿ ಆಗಲೇ ನುಡಿಸಬೇಕು. ಶಾಲೆಯಲ್ಲಿ ಕಲಿತ ಲಿಪಿ ಇಲ್ಲಿ ಫಲ ಕೊಟ್ಟಿತು. ರಿಚಿ ವ್ಯಾಲೆನ್ಸ್ ಅವರ 'ಲಾ ಬಾಂಬಾ' (1958) ಮೊದಲಾಗಿ ಸಾವಿರಾರು ಮುದ್ರಣಗಳಲ್ಲಿ ಅವರ ತಾಳವಿದೆ. 1967ರ ಒಂದೇ ವರ್ಷದಲ್ಲಿ 450 ಮುದ್ರಣಗಳೆಂದು ವಾದಕರ ಸಂಘದ ಲೆಕ್ಕ ಹೇಳುತ್ತದೆ. ಆದರೂ ದೊರೆಯುತ್ತಿದ್ದುದು ಗೊತ್ತಾದ ಕೂಲಿ. ಹಾಡು ಲಕ್ಷಗಟ್ಟಲೆ ಮಾರಾಟವಾದರೂ ಆ ಲಾಭದಲ್ಲಿ ಪಾಲಿಲ್ಲ, ಹೊದಿಕೆಯ ಮೇಲೆ ಹೆಸರೂ ಇಲ್ಲ.

ಆ ನಗರದಲ್ಲಿ 1953ರವರೆಗೆ ಕರಿಯ ವಾದಕರಿಗೊಂದು, ಬಿಳಿಯ ವಾದಕರಿಗೊಂದು ಎಂದು ಎರಡು ಸಂಘಗಳಿದ್ದವು. ಆ ವರ್ಷ ಅವು ಒಂದಾದವು. ಹಾಗೆ ಒಂದಾದ ಸಂಘಕ್ಕೆ 1982ರಲ್ಲಿ ಖಜಾಂಚಿಯಾಗಿ ಚುನಾಯಿತರಾದವರು ಅರ್ಲ್ ಪಾಮರ್! ಒಮ್ಮೆ ಸೋತರೂ 1990ರಲ್ಲಿ ಮತ್ತೆ ಆರಿಸಿ ಬಂದರು. 2000ದಲ್ಲಿ ರಾಕ್ ಅಂಡ್ ರೋಲ್ ಕೀರ್ತಿಭವನವು ಪಕ್ಕವಾದ್ಯದವರನ್ನು ಮೊತ್ತಮೊದಲ ಬಾರಿಗೆ ಗೌರವಿಸಿದಾಗ, ಆರಿಸಲ್ಪಟ್ಟ ಐವರಲ್ಲಿ ಇವರೂ ಒಬ್ಬರು. ಆಗ ಅವರಿಗೆ ಎಪ್ಪತ್ತೈದು ವರ್ಷ. 2008ರ ಸೆಪ್ಟೆಂಬರ್ 19ರಂದು ಅವರು ನಿಧನ ಹೊಂದಿದರು.

ಪೋಷಕರೇ, ಮನ್ನಣೆ ಇಷ್ಟು ತಡವಾಗಿ ಬಂದುದು ನ್ಯಾಯವೆಂದು ನಾನು ಹೇಳಲಾರೆ. ಮರೆಯಲ್ಲಿ ದುಡಿಯುವವನು ತೃಪ್ತನಾಗಿರಲಿ ಎಂದು ಮುಂದೆ ನಿಂತವರು ಬೋಧಿಸುವುದು ಸುಲಭ. ನಮ್ಮ ಮಕ್ಕಳಿಗೆ ಎರಡನ್ನೂ ಕಲಿಸೋಣ: ಹೆಸರು ಬಾರದಿದ್ದರೂ ಕೆಲಸವನ್ನು ಕೆಡಿಸಬಾರದು, ಕೆಲಸ ಮಾಡಿದವನ ಹೆಸರನ್ನು ಮುಚ್ಚಲೂಬಾರದು.

ಇನ್ನು ಸ್ವಲ್ಪ ಹೊತ್ತಿನಲ್ಲಿ ನಮ್ಮ ಮಕ್ಕಳ ನಾಟಕ ಆರಂಭವಾಗಲಿದೆ. ಅದು ಮುಗಿದ ಮೇಲೆ ರಾಜನ ಪಾತ್ರಧಾರಿಗೆ ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ. ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ: ಪರದೆ ಎಳೆದ ಹುಡುಗನ, ದೀಪ ಹಿಡಿದವನ, ಹಾರ್ಮೋನಿಯಂ ಬಳಿ ಕುಳಿತು ತಾಳ ಹಾಕಿದ ಹುಡುಗಿಯ ಹೆಸರುಗಳನ್ನೂ ಗಟ್ಟಿಯಾಗಿ ಓದಿ ಹೇಳಿರಿ. ನಾವು ಕೇಳಲು ಕಾದಿರುತ್ತೇವೆ.