ಮನೆಯ ಗಣಕಯಂತ್ರ: ಒಂದು ಲೆಕ್ಕ ಒಪ್ಪಿಸುವಿಕೆ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಹಳೆಯ ಸಂಚಿಕೆಗಳನ್ನೂ ನಾಟಕಗಳ ಛಾಯಾಚಿತ್ರಗಳನ್ನೂ ಸ್ಕ್ಯಾನ್ ಮಾಡಿ ಕಾಪಾಡುವ ಕೆಲಸವನ್ನು ತಾವು ನಮ್ಮ ಮೂವರಿಗೆ ವಹಿಸಿದಿರಷ್ಟೆ. ಅವೆಲ್ಲ ಈಗ ಡೊಂಬಿವಲಿಯ ಒಂದು ಮನೆಯಲ್ಲಿ, ಪುಸ್ತಕದ ಗಾತ್ರದ ಗಣಕಯಂತ್ರದಲ್ಲಿವೆ. ಕೆಲವು ಸಂಚಿಕೆಗಳಿಗೆ ಎರಡನೆಯ ಪ್ರತಿಯಿಲ್ಲ. ಇರುವ ಕಾಗದ ಮುಟ್ಟಿದರೆ ಪುಡಿಯಾಗುತ್ತದೆ. ಆದುದರಿಂದ ಯಂತ್ರವನ್ನು ಹೇಗೆ ನಡೆಯಿಸುತ್ತಿದ್ದೇವೆಂಬ ಲೆಕ್ಕವನ್ನು ತಮ್ಮ ಮುಂದೆ ಒಪ್ಪಿಸುವುದು ನ್ಯಾಯ.

ಅದನ್ನು ನಡೆಯಿಸುವುದು ಡೆಬಿಯನ್ ಎಂಬ ಮುಕ್ತ ತಂತ್ರಾಂಶ. 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಹೊರತಂದ ಲಿನಕ್ಸಿನ ಸುತ್ತ 1993ರಲ್ಲಿ ಇದು ಆರಂಭವಾಯಿತು. ಬೆಲೆ ಕೊಡಬೇಕಾಗಿಲ್ಲ. ಬೆಲೆಯಿಲ್ಲವೆಂದ ಮಾತ್ರಕ್ಕೆ ದುಡಿಮೆಯೂ ಇಲ್ಲವೆಂದು ಯಾರೂ ತಿಳಿಯಬಾರದು!

ಇದರ ಮೇಲೆ 2013ರಲ್ಲಿ ಬಂದ ಡಾಕರ್. ಇದರಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಕಂಟೇನರ್: ಚಿತ್ರ ತೋರಿಸಲು ಒಂದು, ವಿವರಗಳನ್ನಿಡುವ ಪೋಸ್ಟ್‌ಗ್ರೆಸ್ ದತ್ತಕೋಶಕ್ಕೆ ಇನ್ನೊಂದು. ಕಂಟೇನರು ಕೌಂಟರಿನ ಗುಮಾಸ್ತನಿದ್ದಂತೆ. ಅವನು ಬದಲಾಗಬಹುದು, ಲೆಡ್ಜರು ಕಳೆಯಕೂಡದು. ಕಂಟೇನರಿನ ಒಳಗೇ ಬರೆದದ್ದು ಅದನ್ನು ಅಳಿಸಿದೊಡನೆ ಹೋಗುತ್ತದೆ. ಆದುದರಿಂದ ಲೆಡ್ಜರನ್ನು, ಅಂದರೆ ದತ್ತಾಂಶವನ್ನು, ಹೊರಗೆ ವಾಲ್ಯೂಮಿನಲ್ಲಿ ಇರಿಸಿದ್ದೇವೆ.

ಹೊಸ ಆವೃತ್ತಿ ಬಂದಾಗಲೆಲ್ಲ ತಾನಾಗಿ ಏರಿಸಿಕೊಳ್ಳುವಂತೆ ನಾವು ಬಿಟ್ಟಿಲ್ಲ. ಪೋಸ್ಟ್‌ಗ್ರೆಸ್‌ನ 16ನೆಯ ಆವೃತ್ತಿ ಬರೆದ ಕಡತಗಳನ್ನು 17ನೆಯದು ನೇರವಾಗಿ ತೆರೆಯದು. ಅದಕ್ಕೇ ಆವೃತ್ತಿಯ ಅಂಕಿಯನ್ನು ಸ್ಪಷ್ಟವಾಗಿ ಬರೆದಿಟ್ಟಿದ್ದೇವೆ. ಡಾಕರಿನ ಲಾಗ್ ಕಡತಕ್ಕೂ ಮಿತಿ ಹಾಕಿದ್ದೇವೆ. ಹಾಕದಿದ್ದರೆ ಡಿಸ್ಕ್ ತುಂಬುವವರೆಗೂ ಅದು ಬೆಳೆಯಬಲ್ಲದು.

ಇನ್ನು ಪ್ರತಿಯ ವಿಷಯ. ನಡೆಯುತ್ತಿರುವ ದತ್ತಕೋಶದ ಕಡತಗಳನ್ನು ಹಾಗೆಯೇ ನಕಲು ಮಾಡುವುದು ಬರೆಯುತ್ತಿರುವ ಲೆಡ್ಜರಿನ ಫೋಟೋ ತೆಗೆದಂತೆ: ಖರ್ಚು ಬಿದ್ದಿರುತ್ತದೆ, ಜಮೆ ಬಿದ್ದಿರುವುದಿಲ್ಲ. ಆದುದರಿಂದ ಪ್ರತಿ ರಾತ್ರಿ ಪೋಸ್ಟ್‌ಗ್ರೆಸ್‌ನದೇ ಡಂಪ್ ಆಜ್ಞೆಯಿಂದ ಪ್ರತಿ ತೆಗೆಯುತ್ತೇವೆ. ಯಂತ್ರದಲ್ಲಿರುವುದು ಒಂದು, ಹೊರಗಿನ ಡಿಸ್ಕಿನಲ್ಲಿ ಎರಡನೆಯದು, ಠಾಣೆಯ ಇನ್ನೊಂದು ಮನೆಯ ನಾಲ್ಕನೆಯ ಮಹಡಿಯಲ್ಲಿ ಮೂರನೆಯದು. 2005ರ ಜುಲೈ 26ರ ಮಳೆಯನ್ನು ಕಂಡವರಿಗೆ ಈ ಮೂರನೆಯದು ಏಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ತೆಗೆದ ಪ್ರತಿ ತೆರೆಯುತ್ತದೆಯೇ? ಮೂರು ತಿಂಗಳಿಗೊಮ್ಮೆ ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ ಪ್ರತಿಯೊಂದರಿಂದಲೇ ಎಲ್ಲವನ್ನೂ ಮತ್ತೆ ಕಟ್ಟಿ, ಪುಟಗಳನ್ನು ಎಣಿಸಿ, ಸಂಜೆಯ ನಗದಿನಂತೆ ತಾಳೆ ನೋಡುತ್ತೇವೆ. ಭಾನುವಾರ ಹಾಳಾಗುತ್ತದೆಂದು ಮನೆಯವರು ಗೊಣಗುವುದುಂಟು, ಅದೂ ನ್ಯಾಯವೇ.

ನಮ್ಮಲ್ಲಿ ಇಬ್ಬರು ವರ್ಗವಾಗುವ ನೌಕರಿಯವರು. ಆದುದರಿಂದ ಯಂತ್ರವನ್ನು ಮತ್ತೆ ಕಟ್ಟುವ ಕ್ರಮವನ್ನು ಕನ್ನಡದಲ್ಲಿ ಬರೆದು, ಗುಪ್ತಪದಗಳೊಡನೆ ಮೊಹರು ಮಾಡಿದ ಲಕೋಟೆಯಲ್ಲಿ ಕಾರ್ಯದರ್ಶಿಗಳಿಗೆ ಒಪ್ಪಿಸಿದ್ದೇವೆ. ಮುಂದಿನ ಪರೀಕ್ಷೆ ಡಿಸೆಂಬರಿನ ಮೊದಲ ಭಾನುವಾರ. ಅಂದು ನಾವು ಕೀಲಿಮಣೆ ಮುಟ್ಟುವುದಿಲ್ಲ. ತಮ್ಮಲ್ಲೇ ಯಾರಾದರೂ ಆ ಕಾಗದವನ್ನು ನೋಡಿ ನಡೆಯಿಸಬೇಕು. ಇಬ್ಬರು ಹೆಸರು ಕೊಟ್ಟರೆ ಸಾಕು.